ರಿಪೋರ್ಟ್ ಬಟನ್‌ಗೆ ಎರಡು ಸ್ಟಾರ್, ಪೋಸ್ಟ್ ಅಪ್ರೂವಲ್‌ಗೆ ನಾಲ್ಕು: ಜೋಕ್ ಗುಂಪಿನ ಅಡ್ಮಿನ್ ಒಬ್ಬಳ ವಿಮರ್ಶೆ

ಜೋಕ್ ಮತ್ತು ಮೀಮ್‌ಗಳ ಒಂದು ದೊಡ್ಡ ಗುಂಪಿನ ಅಡ್ಮಿನ್‌ಗಳಲ್ಲಿ ನಾನೂ ಒಬ್ಬಳು. ಗುಂಪು ಇರುವುದು ಎಲ್ಲರೂ ಬಳಸುವ ಒಂದು ಸೋಶಿಯಲ್ ಮೀಡಿಯಾ ವೇದಿಕೆಯಲ್ಲಿ. ಹೆಸರು ಬೇಡ. ಇಲ್ಲಿ ಹೇಳುವ ಬಟನ್‌ಗಳು ಬೇರೆ ಕಡೆಯೂ ಹೆಚ್ಚುಕಮ್ಮಿ ಹೀಗೆಯೇ ಇವೆ. ಹೆಂಗಸರನ್ನು ಕೀಳು ಮಾಡುವ ಜೋಕ್ ಬಂದಾಗ, ಯಾರಾದರೂ "ಇದು ಸರಿಯಲ್ಲ" ಅಂದಾಗ, ವೇದಿಕೆ ನಮ್ಮ ಕೈಗೆ ಏನು ಕೊಡುತ್ತದೆ? ಅದು ಎಷ್ಟು ಕೆಲಸಕ್ಕೆ ಬರುತ್ತದೆ? ಈ ವಿಮರ್ಶೆ ಅದರ ಬಗ್ಗೆ.

ನನಗೆ ಜೋಕ್ ಅಂದರೆ ಜೀವ. ಪದಗಳ ಆಟ, ಅಣಕ, ದೊಡ್ಡವರ ಕಾಲೆಳೆಯುವುದು, ಸಾವಿನ ಬಗ್ಗೆ ಕಪ್ಪು ಹಾಸ್ಯ, ಎಲ್ಲವೂ ಇಷ್ಟ. ಮೈಲಿಗೆ ಅನ್ನಿಸುವ ವಿಷಯದ ಮೇಲೆ ಜೋಕ್ ಮಾಡಲೇಬಾರದು ಅನ್ನುವವಳು ನಾನಲ್ಲ. ಸ್ತ್ರೀವಾದಿಗಳಿಗೆ ನಗು ಬರುವುದಿಲ್ಲ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ಯಾಕೆಂದರೆ ನಮ್ಮ ಗುಂಪಿನಲ್ಲಿ ಚೆನ್ನಾಗಿ ನಗಿಸುವವರಲ್ಲಿ ಅರ್ಧ ಜನ ಅವರೇ.

ಮೊದಲು ರಿಪೋರ್ಟ್ ಬಟನ್ ನೋಡೋಣ.

ಗುಂಪಿನಲ್ಲಿ ಒಬ್ಬರು ಒಂದು ಮೀಮ್ ಹಾಕಿದರು. ಎರಡೂ ಕಣ್ಣು ಊದಿ ಕಪ್ಪಾಗಿರುವ ಒಬ್ಬ ಹೆಂಗಸಿನ ಫೋಟೊ. ಮೇಲೆ "ಎರಡು ಸಲ ಹೇಳಿದೆ, ಕೇಳಲಿಲ್ಲ" ಅಂತ ಬರಹ. ಕೆಳಗೆ ನಗುವ ಇಮೋಜಿಗಳ ಸಾಲು. ನಾವು ಗುಂಪಿನಿಂದ ಅದನ್ನು ತೆಗೆದೆವು. ಆದರೆ ಅದು ಬಂದಿದ್ದು ಇನ್ನೊಂದು ದೊಡ್ಡ ಪೇಜಿನಿಂದ. ಅಲ್ಲಿ ಅದು ಹಾಗೇ ಇತ್ತು. ಹಾಗಾಗಿ ಅಲ್ಲಿ ಹೋಗಿ ರಿಪೋರ್ಟ್ ಮಾಡಿದೆ.

ಮೂರು ಚುಕ್ಕಿ ಒತ್ತಿದರೆ ಕಾರಣಗಳ ಪಟ್ಟಿ ಬರುತ್ತದೆ. ದ್ವೇಷದ ಮಾತು, ಹಿಂಸೆ, ಕಿರುಕುಳ, ನಗ್ನತೆ, ಸ್ಪ್ಯಾಮ್. ಕೊನೆಯಲ್ಲಿ "ನನಗೆ ಇದು ನೋಡಲು ಇಷ್ಟವಿಲ್ಲ" ಅಂತ ಒಂದು. ಈ ಮೀಮ್ ಯಾವುದಕ್ಕೆ ಸೇರುತ್ತದೆ? ಯಾರಿಗೂ ಹೆಸರು ಹಿಡಿದು ಬೆದರಿಕೆ ಹಾಕಿಲ್ಲ, ಹಾಗಾಗಿ ಕಿರುಕುಳ ಅಲ್ಲ. ಹೊಡೆಯಿರಿ ಅಂತ ನೇರವಾಗಿ ಹೇಳಿಲ್ಲ, ಹಾಗಾಗಿ ಹಿಂಸೆಗೆ ಕುಮ್ಮಕ್ಕು ಅಂತಲೂ ಒಪ್ಪುವುದಿಲ್ಲ. ಕೊನೆಗೆ ದ್ವೇಷದ ಮಾತು ಅಂತ ಒತ್ತಿದೆ. ವಿವರ ಬರೆಯಲು ಒಂದು ಸಾಲಿನ ಜಾಗವೂ ಇಲ್ಲ. ಮರುದಿನ ಉತ್ತರ ಬಂತು. ಇದು ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ, ಬೇಡವಾದರೆ ಆ ಪೇಜನ್ನು ಬ್ಲಾಕ್ ಮಾಡಿ ಅಂತ. ಬ್ಲಾಕ್ ಮಾಡುವ ಬಟನ್ ಅಲ್ಲೇ ಕೆಳಗೆ ಕೊಟ್ಟಿದ್ದರು.

ನನ್ನ ದೊಡ್ಡ ತಕರಾರು ಇರುವುದು ಈ ಉತ್ತರದ ಬಗ್ಗೆ. ನಾನು ಹೇಳಿದ್ದು "ಇದು ನನ್ನ ಕಣ್ಣಿಗೆ ಬೀಳಬಾರದು" ಅಂತ ಅಲ್ಲ. ಇದನ್ನು ನೋಡಿ ನಗುವ ಜಾಗದಲ್ಲಿ ಏಟು ತಿಂದ ಹೆಂಗಸರೂ ಇದ್ದಾರೆ, ಏಟು ಕೊಟ್ಟ ಗಂಡಸರೂ ಇದ್ದಾರೆ ಅಂತ. ಆ ಗಂಡಸಿಗೆ ಈ ನಗು ಏನು ಹೇಳುತ್ತದೆ? ಆ ಹೆಂಗಸಿಗೆ ಏನು ಹೇಳುತ್ತದೆ? ನಾನು ಕಣ್ಣು ಮುಚ್ಚಿಕೊಂಡರೆ ಅದು ಬದಲಾಗುವುದಿಲ್ಲ, ಅಲ್ವಾ? ಬಟನ್‌ಗೆ ಈ ಪ್ರಶ್ನೆ ಅರ್ಥವೇ ಆಗುವುದಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ. ಒಂದು, ನಿಯಮ ಮುರಿದಿದೆಯಾ. ಇನ್ನೊಂದು, ನಿಮಗೆ ನೋವಾಯಿತಾ. ಸ್ತ್ರೀವಾದಿ ಆಕ್ಷೇಪ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದಕ್ಕೆ ಪಟ್ಟಿಯಲ್ಲಿ ಜಾಗ ಇಲ್ಲ.

ಈ ಜಗಳ ಹಳೆಯದು. 2011ರಲ್ಲಿ ಅತ್ಯಾಚಾರವನ್ನು ತಮಾಷೆ ಮಾಡುವ ಪೇಜುಗಳ ಬಗ್ಗೆ ಫೇಸ್‌ಬುಕ್‌ಗೆ ದೂರು ಹೋದವು. ಕಂಪನಿ ಬಿಬಿಸಿಗೆ ಕೊಟ್ಟ ಉತ್ತರದ ಸಾರ ಹೀಗಿತ್ತು: ಒರಟು ಜೋಕ್ ಹೇಳಿದ್ದಕ್ಕೆ ಪಬ್ಬಿನಿಂದ ಯಾರೂ ಆಚೆ ಹಾಕುವುದಿಲ್ಲ, ಫೇಸ್‌ಬುಕ್‌ನಿಂದಲೂ ಹಾಕುವುದಿಲ್ಲ. ಆದರೆ ಪಬ್ಬಿನಲ್ಲಿ ಜೋಕ್ ಹೇಳುವವನಿಗೆ ಎದುರಿಗೆ ಕೂತವರ ಮುಖ ಕಾಣುತ್ತದೆ. ಪಕ್ಕದ ಟೇಬಲ್ಲಿನಲ್ಲಿ ಒಬ್ಬಳು ಎದ್ದು ಹೋದರೆ ಗೊತ್ತಾಗುತ್ತದೆ. ಗುಂಪಿನಲ್ಲಿ ನಗುವವರು ಮಾತ್ರ ಕಾಣುತ್ತಾರೆ. ಆಮೇಲೆ ಇಂಥ ಪೇಜುಗಳಿಗೆ ಹಾಸ್ಯ ಅಂತ ಒಂದು ಲೇಬಲ್ ಅಂಟಿಸಿ ಉಳಿಸಿಕೊಂಡರು. "ವಿವಾದಾತ್ಮಕ ಹಾಸ್ಯ" ಅನ್ನುವ ಅರ್ಥದ ಲೇಬಲ್. ಹೊಡೆತ ತಿಂದ ಹೆಂಗಸರ ಫೋಟೊಗಳ ಮೇಲೆಯೂ ಅದೇ ಲೇಬಲ್ ಇತ್ತು.

ಅದನ್ನು ಅಲ್ಲಾಡಿಸಿದ್ದು ರಿಪೋರ್ಟ್ ಬಟನ್ ಅಲ್ಲ. 2013ರ ಮೇ ತಿಂಗಳಲ್ಲಿ ಹೆಂಗಸರು ದಿನನಿತ್ಯ ಎದುರಿಸುವ ತಾರತಮ್ಯವನ್ನು ದಾಖಲಿಸುವ ಲಾರಾ ಬೇಟ್ಸ್ ಅವರ ಎವ್ರಿಡೇ ಸೆಕ್ಸಿಸಂ ಪ್ರಾಜೆಕ್ಟ್, ಜ್ಯಾಕ್ಲಿನ್ ಫ್ರೀಡ್‌ಮನ್ ಅವರ ವಿಮೆನ್, ಆ್ಯಕ್ಷನ್ ಆ್ಯಂಡ್ ದ ಮೀಡಿಯಾ ಸಂಘಟನೆ ಮತ್ತು ಬರಹಗಾರ್ತಿ ಸೊರಾಯಾ ಶೆಮಾಲಿ ಸೇರಿ ಬಹಿರಂಗ ಪತ್ರ ಬರೆದರು. ಬರೆದದ್ದು ಕಂಪನಿಗೆ. ಆದರೆ ಒತ್ತಡ ಹಾಕಿದ್ದು ಜಾಹೀರಾತು ಕೊಡುವವರ ಮೇಲೆ. ನಿಮ್ಮ ಜಾಹೀರಾತು ಇಂಥ ಚಿತ್ರದ ಪಕ್ಕದಲ್ಲಿ ಕಾಣುತ್ತಿದೆ, ನೋಡಿ ಅಂತ ಸ್ಕ್ರೀನ್‌ಶಾಟ್ ಕಳಿಸಿದರು. ಬ್ರಿಟನ್ನಿನ ನಿಸಾನ್ ಸೇರಿ ಕೆಲವರು ಜಾಹೀರಾತು ನಿಲ್ಲಿಸಿದರು. ಒಂದೇ ವಾರದಲ್ಲಿ, ಮೇ 28ರಂದು, ಹೆಂಗಸರ ಮೇಲಿನ ದ್ವೇಷವನ್ನು ಗುರುತಿಸುವಲ್ಲಿ ತನ್ನ ವ್ಯವಸ್ಥೆ ಸೋತಿದೆ ಅಂತ ಫೇಸ್‌ಬುಕ್ ಒಪ್ಪಿಕೊಂಡಿತು. ನಿಯಮ ತಿದ್ದುತ್ತೇವೆ, ಪರಿಶೀಲಿಸುವವರಿಗೆ ತರಬೇತಿ ಕೊಡುತ್ತೇವೆ ಅಂದಿತು. ಕ್ರೂರ ಜೋಕ್ ಹಾಕುವವರು ತಮ್ಮ ನಿಜವಾದ ಹೆಸರಿನ ಜವಾಬ್ದಾರಿ ಹೊರಬೇಕು ಅಂತಲೂ ಹೇಳಿತು. ಈ ಕೊನೆಯದು ನನಗೆ ತುಂಬಾ ಹಿಡಿಸಿದ ಮಾತು. ನಮ್ಮ ಗುಂಪಿನಲ್ಲಿ ನೋಡಿದ್ದೇನೆ. ಕ್ರೂರ ಮೀಮ್ ಹಾಕುವ ಖಾತೆಗಳಲ್ಲಿ ಜಾಸ್ತಿ ಸಿನಿಮಾ ನಟರ ಫೋಟೊ ಇರುತ್ತದೆ, ಸ್ವಂತ ಮುಖ ಇರುವುದಿಲ್ಲ.

ನಿಯಮ ಒಂದೇ ದಿಕ್ಕಿನಲ್ಲಿ ಹೋಗುತ್ತದೆ ಅಂತಲೂ ಇಲ್ಲ. 2025ರ ಜನವರಿಯಲ್ಲಿ ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿ ದ್ವೇಷದ ಮಾತಿನ ತನ್ನ ನಿಯಮವನ್ನು ಸಡಿಲ ಮಾಡಿತು. ಹೆಂಗಸರನ್ನು ಮನೆಯ ವಸ್ತು ಅಥವಾ ಆಸ್ತಿ ಅಂತ ಕರೆಯಬಾರದು ಅನ್ನುವ ಸಾಲು ಅದುವರೆಗೆ ಇತ್ತು. ಅದನ್ನು ತೆಗೆದುಹಾಕಿದರು. ಹಾಗಾಗಿ ಮೇಲಿನವರು ಇದನ್ನೆಲ್ಲ ನೋಡಿಕೊಳ್ಳುತ್ತಾರೆ ಅಂತ ಗುಂಪು ನಡೆಸುವವರು ಕೂರಬಾರದು. ಇವತ್ತು ಇರುವ ನಿಯಮ ನಾಳೆ ಇರುತ್ತದೆ ಅನ್ನುವ ಖಾತರಿ ಇಲ್ಲ.

ಬ್ಲಾಕ್ ಮತ್ತು ಮ್ಯೂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬ ವ್ಯಕ್ತಿ ಬೆನ್ನು ಹತ್ತಿದಾಗ ಬ್ಲಾಕ್ ಬೇಕೇ ಬೇಕು. ಇನ್‌ಸ್ಟಾಗ್ರಾಮ್ 2019ರಲ್ಲಿ ತಂದ ರಿಸ್ಟ್ರಿಕ್ಟ್ ಕೂಡ ಒಳ್ಳೆಯದು. ಅವನು ಹಾಕಿದ ಕಾಮೆಂಟ್ ಅವನಿಗೆ ಮಾತ್ರ ಕಾಣುತ್ತದೆ, ನಾವು ಒಪ್ಪುವವರೆಗೆ ಬೇರೆಯವರಿಗೆ ಕಾಣುವುದಿಲ್ಲ. ಅವನಿಗೆ ಗೊತ್ತೂ ಆಗುವುದಿಲ್ಲ. ಬ್ಲಾಕ್ ಮಾಡಿದರೆ ಎಲ್ಲಿ ಸಿಟ್ಟಾಗುತ್ತಾನೋ ಅಂತ ಹೆದರುವವರಿಗೆ ಇದು ದೊಡ್ಡ ಉಪಕಾರ. ಎಕ್ಸ್ (ಹಳೆಯ ಟ್ವಿಟರ್) ಮಾತ್ರ 2024ರ ಕೊನೆಗೆ ಬ್ಲಾಕ್ ಅನ್ನೇ ದುರ್ಬಲ ಮಾಡಿತು. ಈಗ ಅಲ್ಲಿ ಬ್ಲಾಕ್ ಆದವನು ಬಹಿರಂಗ ಪೋಸ್ಟ್‌ಗಳನ್ನು ಓದಬಹುದು, ಉತ್ತರ ಹಾಕಲು ಮಾತ್ರ ಆಗುವುದಿಲ್ಲ. ಅವನು ಓದಿ, ಸ್ಕ್ರೀನ್‌ಶಾಟ್ ತೆಗೆದು, ಬೇರೆ ಕಡೆ ಹಾಕಿ ನಗಬಹುದು. ಬ್ಲಾಕ್ ಮಾಡಿ ಏನು ಬಂತು ಹಾಗಾದರೆ?

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಈ ಸಲಕರಣೆಗಳು ವರ್ಷದಿಂದ ವರ್ಷಕ್ಕೆ ಚೆನ್ನಾಗುತ್ತಿವೆ, ನಿಜ. ಆದರೆ ಚೆನ್ನಾಗುತ್ತಿರುವುದು ಯಾವ ಕೆಲಸಕ್ಕೆ? ಬೇಜಾರಾದ ಹೆಂಗಸು ಸದ್ದಿಲ್ಲದೆ ದೂರ ಸರಿಯುವುದಕ್ಕೆ. ವಾಟ್ಸ್‌ಆ್ಯಪ್ 2022ರಲ್ಲಿ ಗುಂಪಿನಿಂದ ಗುಟ್ಟಾಗಿ ಹೊರಗೆ ಹೋಗುವ ಸೌಲಭ್ಯ ತಂದಿತು. ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಹೋಗುವವರಿಗೆ ಇದು ತುಂಬಾ ನೆಮ್ಮದಿ, "ಯಾಕೆ ಹೋದೆ" ಅಂತ ಯಾರೂ ಕೇಳುವುದಿಲ್ಲ. ಆದರೆ ತಾವಾಗಿ ಹುಡುಕಿ ನೋಡದಿದ್ದರೆ ಉಳಿದವರಿಗೆ ಯಾರು ಹೋದರು ಅಂತ ತಿಳಿಯುವುದಿಲ್ಲ, ಯಾಕೆ ಹೋದರು ಅಂತಲಂತೂ ತಿಳಿಯುವುದೇ ಇಲ್ಲ. ಜೋಕ್ ಹಾಕಿದವನು "ಯಾರಿಗೂ ಏನೂ ತೊಂದರೆ ಆಗಿಲ್ಲವಲ್ಲ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜವಾಗಿಯೂ ಕಂಡಿಲ್ಲ.

ನಮ್ಮಲ್ಲಿ ಒಬ್ಬಳು ಇದ್ದಳು. ಪದಗಳ ಆಟದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಒಂದು ಸಾಲು ಹಾಕಿದರೆ ಕೆಳಗೆ ನೂರು ಜನ ಅದಕ್ಕೆ ಜೋಡಿ ಹೆಣೆಯುತ್ತಿದ್ದರು. ಮೆಲ್ಲಗೆ ಬರೆಯುವುದು ನಿಲ್ಲಿಸಿದಳು. ಇನ್‌ಬಾಕ್ಸ್‌ನಲ್ಲಿ ಕೇಳಿದೆ. "ಅಕ್ಕ, ಆ ಊದಿದ ಕಣ್ಣಿನ ಮೀಮ್‌ಗೆ ನಕ್ಕವರಲ್ಲಿ ನನ್ನ ಆಫೀಸಿನವರೂ ಇದ್ದಾರೆ. ನಾಳೆ ಮೀಟಿಂಗಿನಲ್ಲಿ ಅವರ ಪಕ್ಕ ಕೂರಬೇಕು. ಅಲ್ಲಿ ನಾನು ಜೋಕ್ ಹಾಕಿ ಅವರನ್ನು ನಗಿಸಬೇಕಾ?" ಅಂದಳು. ಅವಳು ಸಿಟ್ಟಿನಿಂದ ಹೇಳಲಿಲ್ಲ. ಅವಳಿಗೆ ಆ ಜನರ ಬಗ್ಗೆ ಒಂದು ವಿಷಯ ಗೊತ್ತಾಗಿಬಿಟ್ಟಿತ್ತು, ಅಷ್ಟೇ. ಈ ನಷ್ಟ ವೇದಿಕೆಯ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಗುಂಪಿನ ಅಂಕಿಅಂಶ ತೆರೆದರೆ ಆ ಮೀಮ್ ಆ ವಾರದ ಯಶಸ್ವಿ ಪೋಸ್ಟ್ ಅಂತ ತೋರಿಸುತ್ತದೆ.

"ಸುಮ್ನೆ ಜೋಕ್ ಮೇಡಂ, ಇದರಿಂದ ಯಾರು ಹೋಗಿ ಹೊಡೀತಾರೆ?" ಅಂತ ಕೇಳುವವರು ತುಂಬಾ ಜನ. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಮನಶ್ಶಾಸ್ತ್ರಜ್ಞರಾದ ಥಾಮಸ್ ಫೋರ್ಡ್ ಮತ್ತು ಅವರ ಜೊತೆಗಾರರು ಮಾಡಿದ ಕೆಲಸ ಚೆನ್ನಾಗಿ ಉತ್ತರ ಕೊಡುತ್ತದೆ. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಕೆಲವು ಗಂಡಸರಿಗೆ ಹೆಂಗಸರನ್ನು ಕೀಳು ಮಾಡುವ ಜೋಕ್ ಓದಿಸಿದರು. ಕೆಲವರಿಗೆ ಅದೇ ಧೋರಣೆಯ ಗಂಭೀರ ಹೇಳಿಕೆ, ಇನ್ನು ಕೆಲವರಿಗೆ ಬೇರೆ ಮಾಮೂಲಿ ಜೋಕ್. ಆಮೇಲೆ ಹೆಂಗಸರ ಸಂಘಟನೆಯೊಂದಕ್ಕೆ ಎಷ್ಟು ಹಣ ಕೊಡುತ್ತೀರಿ ಅಂತ ಕೇಳಿದರು. ಹೆಂಗಸರ ಮೇಲೆ ಮೊದಲೇ ಹಗೆ ಇದ್ದ ಗಂಡಸರು ಆ ಕೀಳು ಜೋಕ್ ಓದಿದ ಮೇಲೆ ಕಡಿಮೆ ಕೊಡುತ್ತೇವೆ ಅಂದರು. ಗಂಭೀರ ಹೇಳಿಕೆ ಓದಿದಾಗ ಹಾಗೆ ಆಗಲಿಲ್ಲ. ಹಗೆ ಇಲ್ಲದವರು ಜೋಕ್ ಓದಿಯೂ ಬದಲಾಗಲಿಲ್ಲ. ಅಂದರೆ ಜೋಕ್ ಒಳ್ಳೆಯವರನ್ನು ಕೆಟ್ಟವರು ಮಾಡುವುದಿಲ್ಲ. ಒಳಗೆ ಇದ್ದದ್ದನ್ನು ಹೊರಗೆ ತರಲು ಅನುಮತಿ ಕೊಡುತ್ತದೆ. ಇಲ್ಲಿ ಇದು ನಡೆಯುತ್ತದೆ ಅನ್ನುವ ಅನುಮತಿ. ನನ್ನ ಗುಂಪಿನ ಕಾಮೆಂಟ್‌ಗಳಲ್ಲಿ ಇದನ್ನೇ ಕಂಡಿದ್ದೇನೆ. ಮೊದಲ ಮೀಮ್ ಬರೀ ಮೀಮ್. ಇಪ್ಪತ್ತನೇ ಕಾಮೆಂಟ್ ಹೊತ್ತಿಗೆ ಒಬ್ಬ ತನ್ನ ಹೆಂಡತಿಗೆ ನಿಜವಾಗಿಯೂ ಏನು ಮಾಡಿದೆ ಅಂತ ಬರೆಯುತ್ತಿರುತ್ತಾನೆ. ಅದನ್ನೂ ಜೋಕ್ ಅಂತಲೇ ಕರೆಯುತ್ತಾನೆ.

ಇನ್ನು ತಾನಾಗಿಯೇ ಕೆಲಸ ಮಾಡುವ ಫಿಲ್ಟರ್‌ಗಳು. ನಾವು ಒಂದಷ್ಟು ಪದಗಳ ಪಟ್ಟಿ ಕೊಟ್ಟರೆ, ಆ ಪದ ಇರುವ ಪೋಸ್ಟನ್ನು ಫಿಲ್ಟರ್ ತಡೆಹಿಡಿಯುತ್ತದೆ. ಡಿಸ್ಕಾರ್ಡ್ ಅನ್ನುವ ಚಾಟ್ ವೇದಿಕೆಯಲ್ಲಿ 2022ರಿಂದ ಆಟೋಮಾಡ್ ಅನ್ನುವ ಇಂಥ ಫಿಲ್ಟರ್ ಇದೆ, ಬೇರೆ ಕಡೆ ಬೇರೆ ಹೆಸರಿನಲ್ಲಿ ಇದೆ. ಕೊಳಕು ಬೈಗುಳಕ್ಕೆ ಇದು ಪರವಾಗಿಲ್ಲ. ಒಂದೇ ಬೈಗುಳವನ್ನು ಜನ ಕನ್ನಡ ಅಕ್ಷರದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಚುಕ್ಕಿ ಇಟ್ಟು, ನಕ್ಷತ್ರ ಇಟ್ಟು ಬರೆಯುತ್ತಾರೆ. ಎಲ್ಲ ರೂಪವನ್ನೂ ಪಟ್ಟಿಗೆ ಸೇರಿಸುತ್ತಾ ಹೋಗಬೇಕು. ತಾಳ್ಮೆ ಇದ್ದರೆ ಆಗುತ್ತದೆ.

ಆದರೆ ಜೋಕಿಗೆ ಇದು ಉಪಯೋಗವಿಲ್ಲ. ಊದಿದ ಕಣ್ಣಿನ ಮೀಮ್‌ನಲ್ಲಿ ಒಂದೂ ಕೆಟ್ಟ ಪದ ಇರಲಿಲ್ಲ. "ಎರಡು", "ಸಲ", "ಹೇಳಿದೆ", "ಕೇಳಲಿಲ್ಲ". ಇವನ್ನು ಯಾವ ಪಟ್ಟಿಗೆ ಹಾಕುತ್ತೀರಿ? ಅದೇ ಸಮಯದಲ್ಲಿ ಒಬ್ಬ ಹುಡುಗಿ ತನ್ನ ಇನ್‌ಬಾಕ್ಸ್‌ಗೆ ಬಂದ ಹೊಲಸು ಮೆಸೇಜುಗಳನ್ನು ಇಟ್ಟುಕೊಂಡು ಒಂದು ಅಣಕ ಬರೆದಿದ್ದಳು. ಪರಿಚಯವಿಲ್ಲದ ಹುಡುಗಿಗೆ ಮೆಸೇಜ್ ಮಾಡುವುದು ಹೇಗೆ ಅನ್ನುವ ಕೈಪಿಡಿಯ ಹಾಗೆ. ಮೊದಲ ಹೆಜ್ಜೆ, ಅವಳು ಉತ್ತರಿಸಿಲ್ಲ ಅಂತ ನೋಡಿ. ಎರಡನೇ ಹೆಜ್ಜೆ, ಈಗಲೂ ಉತ್ತರಿಸಿಲ್ಲ ಅಂತ ನೋಡಿ. ಮೂರನೇ ಹೆಜ್ಜೆ, ಫೋನ್ ಚಾರ್ಜಿಗೆ ಹಾಕಿ ಮಲಗಿ. ನಡುನಡುವೆ ಆ ಗಂಡಸರು ಬರೆದ ಸಾಲುಗಳನ್ನು ಹಾಗೇ ಕೊಟ್ಟಿದ್ದಳು. ಓದಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಫಿಲ್ಟರ್ ಹಿಡಿದದ್ದು ಇದನ್ನು. ಆ ಪದಗಳು ಅದರಲ್ಲಿ ಇದ್ದವಲ್ಲ. ನಾವು ಕೈಯಾರೆ ಬಿಡುಗಡೆ ಮಾಡಿದೆವು. ಆಮೇಲೆ ಯಾರೋ ರಿಪೋರ್ಟ್ ಮಾಡಿದರು, ವೇದಿಕೆ ಅದನ್ನು ತೆಗೆದುಹಾಕಿತು. ಅವಳಿಗೆ ಕೆಲವು ದಿನ ಪೋಸ್ಟ್ ಮಾಡಲು ಬಿಡಲಿಲ್ಲ. ಮೆಸೇಜ್ ಕಳಿಸಿದ ಗಂಡಸರ ಖಾತೆಗಳು ಹಾಗೇ ಇದ್ದವು. ಈಗಲೂ ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಜೋಕಿನಲ್ಲಿ ಏಟು ಯಾರಿಗೆ ಬೀಳುತ್ತಿದೆ ಅನ್ನುವುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮನುಷ್ಯರಿಗೂ ಅವಸರದಲ್ಲಿ ಗೊತ್ತಾಗುವುದಿಲ್ಲ. 2017ರಲ್ಲಿ ಮಾರ್ಸಿಯಾ ಬೆಲ್‌ಸ್ಕಿ ಅನ್ನುವ ಹಾಸ್ಯಗಾರ್ತಿ ಗಂಡಸರನ್ನು ಹೊಲಸು ಅಂತ ಬೈದು ಒಂದು ಕಾಮೆಂಟ್ ಹಾಕಿದರು. ಫೇಸ್‌ಬುಕ್ ಅವರನ್ನು 30 ದಿನ ತಡೆಯಿತು. ನಿಯಮದ ಪ್ರಕಾರ ಲಿಂಗದ ಮೇಲೆ ದಾಳಿ ತಪ್ಪು, ಗಂಡಸರೂ ಒಂದು ಲಿಂಗ, ಲೆಕ್ಕ ಮುಗಿಯಿತು. ಅಂಥ ಮಾತನ್ನು ನಾನೂ ಬರೆಯುವುದಿಲ್ಲ, ಬೇರೆಯವರು ಬರೆದರೆ ಮೆಚ್ಚುವುದಿಲ್ಲ. ಆದರೆ ಅದನ್ನೂ ಹೊಡೆತ ತಿಂದವಳ ಫೋಟೊವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಹೇಗೆ? ಹೊಡೆತದ ಭಯದಲ್ಲಿ ಬದುಕುತ್ತಿರುವುದು ಯಾರು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಪ್ರಕರಣವೂ ಇದೆ. ಎರಡು ಬಟನ್‌ಗಳ ಮುಂದೆ ಬೆವರುತ್ತಾ ನಿಂತಿರುವ ವ್ಯಕ್ತಿಯ ಮೀಮ್ ನೀವು ನೋಡಿರುತ್ತೀರಿ. ಅರ್ಮೇನಿಯನ್ನರ ನರಮೇಧದ ಬಗ್ಗೆ ಟರ್ಕಿ ಸರ್ಕಾರ ಹೇಳುವ ಎರಡು ವಿರುದ್ಧ ಮಾತುಗಳನ್ನು ಆ ಬಟನ್‌ಗಳ ಮೇಲೆ ಬರೆದು ಒಬ್ಬರು ಅಣಕ ಮಾಡಿದ್ದರು. ಫೇಸ್‌ಬುಕ್ ಅದನ್ನು ದ್ವೇಷ ಅಂತ ತೆಗೆಯಿತು. 2021ರ ಮೇ ತಿಂಗಳಲ್ಲಿ ಕಂಪನಿಯ ಇಂಥ ತೀರ್ಮಾನಗಳನ್ನು ಮರುಪರಿಶೀಲಿಸುವ ಮೇಲ್ವಿಚಾರಣಾ ಮಂಡಳಿ ಅದನ್ನು ಬದಲಿಸಿತು. ಇದು ಸರ್ಕಾರದ ಅಣಕ, ಸತ್ತವರ ಅಣಕ ಅಲ್ಲ ಅಂತ. ಅಣಕವನ್ನು ಪರಿಶೀಲಿಸುವವರಿಗೆ ಸಂದರ್ಭ ನೋಡುವಷ್ಟು ಸಮಯ ಬೇಕು ಅಂತಲೂ ಹೇಳಿತು. ಸಂದರ್ಭ ನೋಡುವುದಕ್ಕೆ ಸಮಯ. ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಇಲ್ಲೇ ಇದೆ. ದೊಡ್ಡ ವೇದಿಕೆಗಳಲ್ಲಿ ಆ ಸಮಯ ಇಲ್ಲ. ಗುಂಪಿನ ಅಡ್ಮಿನ್ ಹತ್ತಿರ ಇದೆ.

ಅದಕ್ಕೇ ನಾಲ್ಕು ಸ್ಟಾರ್ ಪೋಸ್ಟ್ ಅಪ್ರೂವಲ್‌ಗೆ. ಇದನ್ನು ಆನ್ ಮಾಡಿದರೆ ಪ್ರತಿ ಪೋಸ್ಟ್ ಮೊದಲು ಅಡ್ಮಿನ್ ಮುಂದೆ ಬರುತ್ತದೆ. ಒಪ್ಪಬಹುದು, ಬೇಡ ಅನ್ನಬಹುದು, ಕಾರಣ ಬರೆದು ವಾಪಸ್ ಕಳಿಸಬಹುದು. ಕಾರಣ ಬರೆಯಲು ಜಾಗ ಇರುವುದೇ ಇದರ ದೊಡ್ಡ ಗುಣ. ರಿಪೋರ್ಟ್ ಬಟನ್‌ನಲ್ಲಿ ಇಲ್ಲದ್ದು ಇದೇ.

ಇದನ್ನು ಬಳಸುವ ಮೊದಲು ಅಡ್ಮಿನ್‌ಗಳೆಲ್ಲ ಕೂತು ಒಂದು ನಿಯಮ ಬರೆದೆವು. "ಅಸಭ್ಯ ಜೋಕ್ ಬೇಡ" ಅಂತ ಬರೆಯಬಹುದಿತ್ತು, ಆದರೆ ಅದಕ್ಕೆ ಅರ್ಥವಿಲ್ಲ. ನಮ್ಮ ಒಳ್ಳೆಯ ಜೋಕ್‌ಗಳಲ್ಲಿ ಅರ್ಧ ಅಸಭ್ಯವೇ. ಕೊನೆಗೆ ಉಳಿದದ್ದು ಇದು: "ಏಟು ತಿಂದವರ ಮೇಲೆ ಜೋಕ್ ಬೇಡ. ಏಟು ಕೊಟ್ಟವರ ಮೇಲೆ ಎಷ್ಟು ಬೇಕಾದರೂ ಮಾಡಿ." ಗುಂಪಿನ ಮೇಲ್ಭಾಗದಲ್ಲಿ ಪಿನ್ ಮಾಡಿದೆವು. ಅತ್ಯಾಚಾರ, ಹೊಡೆತ, ಹಿಂಬಾಲಿಸುವುದು ಯಾವುದರ ಬಗ್ಗೆಯೂ ಜೋಕ್ ನಿಷೇಧ ಇಲ್ಲ. ಜೋಕಿನ ಕೊನೆಯ ಸಾಲು ಯಾರ ಮೇಲೆ ಬೀಳುತ್ತದೆ ಅನ್ನುವುದಷ್ಟೇ ಪ್ರಶ್ನೆ.

ನಿಯಮ ಬಂದ ತಕ್ಷಣ ಗಲಾಟೆ ಆಯಿತು. "ಹೆಂಡತಿ ಜೋಕ್ ಇಲ್ಲದಿದ್ದರೆ ಗುಂಪು ಸತ್ತುಹೋಗುತ್ತೆ" ಅಂದರು. "ಇನ್ನು ಭಜನೆ ಮಾಡಿ" ಅಂದರು. ಕೆಲವರು ಹೋದರು. ಒಬ್ಬ ಹಿರಿಯ ಸದಸ್ಯರು, ಬಹಳ ಸಜ್ಜನರು, ಫೋನ್ ಮಾಡಿಯೇ ಕೇಳಿದರು. "ಅಮ್ಮಾ, ನಾವು ಮೂವತ್ತು ವರ್ಷದಿಂದ ಇದೇ ಜೋಕ್ ಹೇಳಿಕೊಂಡು ಬಂದಿದ್ದೀವಿ. ನಾನು ಕೆಟ್ಟವನಾ?" ಅಂತ. ಅವರಿಗೆ ಹೇಳಿದೆ, "ನಿಮ್ಮ ಬಗ್ಗೆ ಅಲ್ಲ ಸರ್. ನಿಮ್ಮ ಜೋಕಿಗೆ ಯಾರು ನಗುತ್ತಿದ್ದಾರೆ, ಯಾಕೆ ನಗುತ್ತಿದ್ದಾರೆ ಅಂತ ನಿಮಗೆ ಕಾಣ್ತಿಲ್ಲ. ನನಗೆ ಕಾಣ್ತಿದೆ. ಆ ಕಾಮೆಂಟ್‌ಗಳನ್ನು ಕಳಿಸ್ತೀನಿ, ಓದಿ." ಕಳಿಸಿದೆ. ಅವರು ಉತ್ತರ ಬರೆಯಲಿಲ್ಲ. ಆದರೆ ಗುಂಪಿನಲ್ಲಿ ಉಳಿದರು. ಈಗ ರಿಟೈರ್ ಆದ ಗಂಡಸಿಗೆ ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಅಂತಲೇ ಗೊತ್ತಿಲ್ಲದ ಫಜೀತಿಯ ಬಗ್ಗೆ ಬರೆಯುತ್ತಾರೆ. ಅದಕ್ಕೆ ಬರುವ ನಗು ಮೊದಲಿಗಿಂತ ಜಾಸ್ತಿ.

ಅಡ್ಮಿನ್‌ಗಳ ನಡುವೆ ಎಲ್ಲದರಲ್ಲೂ ಒಪ್ಪಿಗೆ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ನನ್ನದೇ, ಅದು "ಆಯ್ತು ಕಣೇ" ಅನ್ನುವ ಹಳೆಯ ಜೋಕ್ ನಿಮಗೆ ಗೊತ್ತಲ್ಲ. ಅದು ಬಂದ ದಿನ ನಮ್ಮ ನಡುವೆ ರಾತ್ರಿಯವರೆಗೆ ವಾದ ನಡೆಯಿತು. ಒಬ್ಬ ಗೆಳತಿ ಹೇಳಿದ್ದು, ಇದು ಹೆಂಡತಿಯನ್ನು ದಬ್ಬಾಳಿಕೆಯವಳು ಅಂತ ತೋರಿಸುತ್ತದೆ, ನಿಜದಲ್ಲಿ ಎಷ್ಟು ಮನೆಗಳಲ್ಲಿ ಹೆಂಗಸಿನ ಮಾತು ನಡೆಯುತ್ತದೆ ಹೇಳು ಅಂತ. ಅವಳ ಮಾತಿನಲ್ಲಿ ಹುರುಳಿದೆ. ಆದರೆ ನಾನು ಬಿಡೋಣ ಅಂದೆ. ಅಲ್ಲಿ ಗಂಡ ತನ್ನನ್ನೇ ಆಡಿಕೊಳ್ಳುತ್ತಿದ್ದಾನೆ, ಯಾರ ಮೈ ಮೇಲೂ ಕೈ ಬಿದ್ದಿಲ್ಲ. ಜೋಕ್ ಹಳಸಿದೆ ಅನ್ನುವುದು ಬೇರೆ ವಿಷಯ, ಹಳಸಿದ್ದಕ್ಕೆ ನಿಷೇಧ ಇಲ್ಲ. ಕೊನೆಗೆ ಬಿಟ್ಟೆವು. ಸ್ತ್ರೀವಾದಿಗಳೆಲ್ಲ ಒಂದೇ ಬಾಯಲ್ಲಿ ಮಾತಾಡುತ್ತಾರೆ ಅಂತ ತಿಳಿದವರು ಆ ರಾತ್ರಿಯ ಮಾತುಕತೆ ಓದಬೇಕಿತ್ತು.

ಒಂದು ಸ್ಟಾರ್ ಕಮ್ಮಿ ಮಾಡಿದ್ದಕ್ಕೆ ಎರಡು ಕಾರಣ. ಒಂದು, ಇದು ವಿಪರೀತ ಕೆಲಸ, ಸಂಬಳ ಇಲ್ಲ. ಹಬ್ಬದ ದಿನ ಕ್ಯೂನಲ್ಲಿ ಪೋಸ್ಟ್‌ಗಳು ರಾಶಿ ಬೀಳುತ್ತವೆ. ಜೋಕಿಗೆ ಸಮಯ ಮುಖ್ಯ, ಸಂಜೆಯ ಜೋಕ್ ಬೆಳಿಗ್ಗೆ ಒಪ್ಪಿದರೆ ಸತ್ತಿರುತ್ತದೆ. ಎರಡನೆಯದು ಇನ್ನೂ ಕಷ್ಟದ್ದು. ಹೆಂಗಸಿನ ಹೆಸರಿನ ಅಡ್ಮಿನ್ ಪೋಸ್ಟ್ ತೆಗೆದರೆ ಇನ್‌ಬಾಕ್ಸ್‌ಗೆ ಬೈಗುಳ ಬರುತ್ತದೆ. ಅದೇ ನೋಟಿಸ್ ಅದೇ ಪದಗಳಲ್ಲಿ ನಮ್ಮ ಗಂಡಸು ಅಡ್ಮಿನ್ ಹಾಕಿದರೆ "ಸರಿ ಸರ್, ಇನ್ಮೇಲೆ ಹಾಕಲ್ಲ" ಅಂತ ಬರುತ್ತದೆ. ಅವನಿಗೇ ಇದು ನಾಚಿಕೆ ಅನ್ನಿಸಿ, ಈಗ ಎಲ್ಲ ನೋಟಿಸನ್ನೂ ಅಡ್ಮಿನ್ ತಂಡ ಅಂತ ಗುಂಪಿನ ಹೆಸರಿನಲ್ಲೇ ಹಾಕುತ್ತೇವೆ. ಇದು ನಮ್ಮ ಒಂದೇ ಗುಂಪಿನ ಹಣೆಬರಹ ಅಲ್ಲ. ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯಲ್ಲಿ 35 ವರ್ಷದೊಳಗಿನ ಹೆಂಗಸರಲ್ಲಿ ಶೇ 33ರಷ್ಟು ಜನ ಆನ್‌ಲೈನ್‌ನಲ್ಲಿ ಲೈಂಗಿಕ ಕಿರುಕುಳ ಆಗಿದೆ ಅಂದಿದ್ದರು. ಅದೇ ವಯಸ್ಸಿನ ಗಂಡಸರಲ್ಲಿ ಅದು ಶೇ 11. ಜೋಕಿಗೆ ಆಕ್ಷೇಪ ಹೇಳುವ ಹೆಂಗಸು ಆ ಅಪಾಯ ತಿಳಿದೇ ಬಾಯಿ ತೆರೆಯುತ್ತಾಳೆ. "ಸುಮ್ನೆ ಗಮನ ಸೆಳೆಯೋಕೆ ಹೇಳ್ತಾಳೆ" ಅನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ರಿಪೋರ್ಟ್ ಬಟನ್‌ಗೆ ಎರಡು ಸ್ಟಾರ್ ಆದರೂ ಯಾಕೆ ಕೊಟ್ಟೆ ಅಂತ ಕೇಳಬಹುದು. ಹೆಸರು, ಫೋಟೊ, ಫೋನ್ ನಂಬರ್ ಹಾಕಿ ಒಬ್ಬಳನ್ನು ಗುರಿ ಮಾಡಿದಾಗ ಅದು ಬೇಗ ಕೆಲಸ ಮಾಡುತ್ತದೆ, ನಮ್ಮ ಗುಂಪಿನಲ್ಲೇ ಮಾಡಿದೆ. ಅಂಥ ಹೊತ್ತಿನಲ್ಲಿ ಬೇರೆ ಯೋಚನೆ ಮಾಡದೆ ಅದನ್ನು ಒತ್ತಿ, ಆದರೆ ಒತ್ತುವ ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪೋಸ್ಟ್ ಮಾಯವಾದ ಮೇಲೆ ನಿಮ್ಮ ಹತ್ತಿರ ಪುರಾವೆ ಇರುವುದಿಲ್ಲ.

ಮೂರನೇ ಸ್ಟಾರ್ ಕೊಡಬೇಕಾದರೆ ಮೂರು ವಿಷಯ ಬದಲಾಗಲಿ. ಕಾರಣ ಬರೆಯಲು ನಾಲ್ಕು ಸಾಲಿನ ಜಾಗ ಕೊಡಲಿ. ನೋಡುವ ವ್ಯಕ್ತಿಗೆ ಆ ಭಾಷೆ ಬರಲಿ, ಕೆಳಗಿನ ಕಾಮೆಂಟ್‌ಗಳನ್ನೂ ಓದುವಷ್ಟು ಸಮಯ ಇರಲಿ. ಆಕ್ಷೇಪ ಒಪ್ಪದಿದ್ದರೂ, ಅದು ಬಂದಿತ್ತು ಅಂತ ಪೋಸ್ಟ್ ಹಾಕಿದವನಿಗೆ ತಿಳಿಸಲಿ, ಹೇಳಿದವರ ಹೆಸರು ಮಾತ್ರ ಬೇಡ. ಆಗ ಕನಿಷ್ಠ "ಯಾರಿಗೂ ತೊಂದರೆ ಆಗಿಲ್ಲವಲ್ಲ" ಅಂತ ಅವನು ಹೇಳಲಾರ.

ಗುಂಪು ನಡೆಸುವವರಿಗೆ ನನ್ನ ಸಲಹೆ, ಎಲ್ಲರಿಗೂ ಅಪ್ರೂವಲ್ ಇಟ್ಟು ನಿಮ್ಮ ನಿದ್ದೆ ಕೆಡಿಸಿಕೊಳ್ಳಬೇಡಿ. ಹೊಸ ಸದಸ್ಯರಿಗೆ ಮತ್ತು ಒಮ್ಮೆ ಎಚ್ಚರಿಕೆ ಪಡೆದವರಿಗೆ ಮಾತ್ರ ಇಡಿ. ನಿಯಮವನ್ನು ಒಂದೆರಡು ಸಾಲಿನಲ್ಲಿ ಬರೆದು ಪಿನ್ ಮಾಡಿ. ಪೋಸ್ಟ್ ವಾಪಸ್ ಕಳಿಸುವಾಗ ಕಾರಣ ಬರೆಯಿರಿ, ಬೈಯಬೇಡಿ. ಚೆನ್ನಾಗಿ ಬರೆಯುತ್ತಿದ್ದ ಹೆಂಗಸರು ಯಾರಾದರೂ ಇದ್ದಕ್ಕಿದ್ದಂತೆ ಸುಮ್ಮನಾದರೆ ಇನ್‌ಬಾಕ್ಸ್‌ಗೆ ಹೋಗಿ ಒಂದು ಮಾತು ಕೇಳಿ. ಆ ಕೆಲಸಕ್ಕೆ ಈ ವೇದಿಕೆ ಯಾವ ಬಟನ್ನೂ ಕೊಟ್ಟಿಲ್ಲ.